ಗೋಡೆಯ ಮೇಲಿನ ಓರಗಿತ್ತಿ

ದರ್ಜಿ ಕತ್ತರಿ ಪೋಸ್ಟರಿನ ಅಂಚಿನಿಂದ ಹೊರಟು ಕಿವಿಯ ಹತ್ತಿರ ಬಂದು ನಿಂತಿತು. ದೊಡ್ಡವಳು ಕನ್ನಡಕ ಸರಿಮಾಡಿಕೊಂಡಳು.

"ಅತ್ತಿಗೆ, ಕೂದಲು ಕತ್ತರಿಸಿಬಿಟ್ಟೀರಾ," ಎಂದ ಮೈದುನ.

"ಜೀವಮಾನವೆಲ್ಲ ಬಟ್ಟೆ ಕತ್ತರಿಸಿದ ಕೈ ಇದು. ನಿನ್ನ ಹೆಂಡತಿ ಕೂದಲು ಎಲ್ಲಿ ಮುಗಿಯುತ್ತೆ ಅಂತ ನಂಗೆ ಹೇಳ್ಕೊಡಬೇಡ."

ಆ ಹೆಂಡತಿ, ಅಂದರೆ ದೊಡ್ಡವಳ ಓರಗಿತ್ತಿ, ಪಕ್ಕದ ಕೋಣೆಯಲ್ಲಿ ಶವದ ಪೆಟ್ಟಿಗೆಯೊಳಗೆ ಮಲಗಿದ್ದಳು. ಬೀದಿಯವರೆಲ್ಲ ಇವಳನ್ನು ದೊಡ್ಡವಳೆಂದೂ ಅವಳನ್ನು ಚಿಕ್ಕವಳೆಂದೂ ಕರೆದು ರೂಢಿ. ಲಾಂಡ್ರಿಯಲ್ಲಿ ಇಸ್ತ್ರಿ ಮಾಡುತ್ತಿದ್ದ ಚಿಕ್ಕವಳು ನಿನ್ನೆ ಬೆಳಿಗ್ಗೆ ಎದೆ ಹಿಡಿದುಕೊಂಡು ಮೇಜಿನ ಮುಂದೆಯೇ ಕುಸಿದಿದ್ದಳು. ಆಸ್ಪತ್ರೆ ಮುಟ್ಟುವ ಮೊದಲೇ ಎಲ್ಲ ಮುಗಿದಿತ್ತು. ಪೆಟ್ಟಿಗೆಯ ಪಕ್ಕದಲ್ಲಿಡಲು ಹುಡುಕಿದರೆ ಮನೆಯಲ್ಲಿ ಅವಳದೊಂದು ನೆಟ್ಟಗಿನ ಫೋಟೋ ಇಲ್ಲ. ಇದ್ದದ್ದು ಆರೋಗ್ಯ ಕೇಂದ್ರದವರ ಪೋಸ್ಟರ್ ಒಂದೇ. ಅದರಲ್ಲಿ ಚಿಕ್ಕವಳು ಹಲ್ಲು ಬಿಟ್ಟು ನಗುತ್ತಿದ್ದಳು. ಕೆಳಗೆ ದಪ್ಪಕ್ಷರದಲ್ಲಿ, ‘ನಾನು ಕರುಳಿನ ಕ್ಯಾನ್ಸರ್ ತಪಾಸಣೆ ಮಾಡಿಸಿಕೊಂಡೆ. ನೀವು?’

ಆ ‘ನೀವು?’ ಬೇರೆ ಯಾರನ್ನೂ ಅಲ್ಲ, ತನ್ನನ್ನೇ ಕೇಳುತ್ತಿದೆ ಎಂದು ದೊಡ್ಡವಳಿಗೆ ವರ್ಷಗಟ್ಟಲೆ ಅನ್ನಿಸಿತ್ತು. ಬಸ್ ನಿಲ್ದಾಣದಲ್ಲಿ ಅದೇ ಹಲ್ಲು, ಮಾರ್ಕೆಟ್ ಗೇಟಿನಲ್ಲಿ ಅದೇ ಹಲ್ಲು. ಒಂದೇ ಸೂರಿನ ಕೆಳಗೆ ಇರುವವಳ ಮುಖವನ್ನು ಮನೆಯಲ್ಲಿ ನೋಡಿದ್ದು ಸಾಲದೆಂದು ಊರ ಗೋಡೆಗಳ ಮೇಲೂ ನೋಡಬೇಕೇ? ಒಮ್ಮೆ ಯಾರೋ ಬಸ್ ನಿಲ್ದಾಣದ ಪೋಸ್ಟರಿಗೆ ಪೆನ್ನಿನಲ್ಲಿ ಮೀಸೆ ಬರೆದಿದ್ದರು. ಅವತ್ತು ದೊಡ್ಡವಳಿಗೆ ಎರಡು ತುತ್ತು ಹೆಚ್ಚೇ ಸೇರಿತ್ತು.

ಈಗ ‘ನೀವು?’ ಕತ್ತರಿಗೆ ಸಿಕ್ಕಿ ನೆಲಕ್ಕೆ ಬಿತ್ತು. ಅವಳು ಅದನ್ನು ಕಾಲಿನಿಂದ ಹೊಲಿಗೆ ಯಂತ್ರದ ಅಡಿಗೆ ತಳ್ಳಿ, ಮುಖವನ್ನು ಮೈದುನನ ಕೈಗೆ ಕೊಟ್ಟಳು.

*

ಚಿಕ್ಕವಳು ಸೊಸೆಯಾಗಿ ಬಂದ ದಿನದಿಂದಲೇ ಪೈಪೋಟಿ. ಇವಳು ಹೊಸ ಪರದೆ ಹೊಲಿದು ಹಾಕಿದರೆ ಅವಳು ಅದಕ್ಕಿಂತ ಉದ್ದದ ಪರದೆ ತಂದಳು. ಅವಳ ಕೋಣೆಗೆ ಫ್ಯಾನ್ ಬಂದರೆ ಇವಳಿಗೆ ಆ ರಾತ್ರಿಯೇ ಸೆಕೆ ಶುರುವಾಯಿತು. ದೊಡ್ಡವಳ ಗಂಡ ತೀರಿಕೊಂಡ ಮೇಲೂ ಅದು ನಿಲ್ಲಲಿಲ್ಲ. ಒಂದರಲ್ಲಿ ಮಾತ್ರ ಇಬ್ಬರೂ ಸಮ: ಸಂಪಾದನೆ ಅಷ್ಟಕ್ಕಷ್ಟೆ, ವಿಮೆ ಇಬ್ಬರಿಗೂ ಇಲ್ಲ. ಅಂಥವರಿಗೆಂದೇ ಸರ್ಕಾರ ಉಚಿತ ತಪಾಸಣೆ ತೆರೆದಾಗ ನರ್ಸ್ ಮನೆಗೇ ಬಂದು ಇಬ್ಬರ ಕೈಗೂ ಒಂದೊಂದು ಪೊಟ್ಟಣ ಇಟ್ಟಳು. ಮಲದ ಒಂದು ಚೂರನ್ನು ಕಡ್ಡಿಯಲ್ಲಿ ತೆಗೆದು ಸೀಸೆಗೆ ಹಾಕಿ ಕೊಡಬೇಕು. ಕಣ್ಣಿಗೆ ಕಾಣದ ರಕ್ತವಿದ್ದರೂ ಅದರಲ್ಲಿ ಗೊತ್ತಾಗುತ್ತದೆ.

"ಥೂ! ಇದನ್ನೂ ಯಾರಾದ್ರೂ ಎತ್ತಿ ಕೊಡ್ತಾರಾ?" ಎಂದು ದೊಡ್ಡವಳು ಮೂಗು ಮುಚ್ಚಿಕೊಂಡಳು.

"ಸರ್ಕಾರಕ್ಕೆ ನಾವು ಕೊಡೋ ತೆರಿಗೆ ಅಂದ್ಕೊಳ್ಳಿ ಅಕ್ಕ," ಎಂದು ಚಿಕ್ಕವಳು ನಕ್ಕಳು. ಮಾರನೆಯ ದಿನವೇ ಕೊಟ್ಟೂ ಬಂದಳು.

ಅಲ್ಲಿಗೆ ಮುಗಿಯಿತು. ಅವಳು ಮೊದಲು ಮಾಡಿದ್ದನ್ನು ಇವಳು ಎರಡನೆಯವಳಾಗಿ ಮಾಡುವುದುಂಟೇ? ದೊಡ್ಡವಳ ಪೊಟ್ಟಣ ಬಟ್ಟೆ ಚೂರುಗಳ ಜೊತೆ ಕಸಕ್ಕೆ ಹೋಯಿತು.

ಚಿಕ್ಕವಳ ಸೀಸೆಯಲ್ಲಿ ರಕ್ತ ಸಿಕ್ಕಿತು. ಒಳಗೆ ಕ್ಯಾಮೆರಾ ಬಿಟ್ಟು ನೋಡಿದಾಗ ಗಡ್ಡೆ ಸಿಕ್ಕಿತು. ಬೇಗ ಸಿಕ್ಕಿದ್ದರಿಂದ ಕೊಯ್ದು ತೆಗೆದರು, ಎಲ್ಲ ಉಚಿತವಾಗಿ. ಅವಳನ್ನು ಕರೆದೊಯ್ಯಲು ಬಾಗಿಲಿಗೇ ಕಾರು ಬಂತು. ಎಂದೂ ಸುಳಿಯದ ನೆಂಟರೆಲ್ಲ ಹಣ್ಣು ಹಿಡಿದು ಬಂದರು. ಹೊಲಿಗೆ ಯಂತ್ರದ ಮುಂದೆ ಕೂತು ನೋಡುತ್ತಿದ್ದ ದೊಡ್ಡವಳಿಗೆ ಹೊಟ್ಟೆ ಉರಿಯಿತು. ರೋಗ ಬಂದವಳ ಮೇಲೂ ಹೊಟ್ಟೆಕಿಚ್ಚು ಪಡುವುದು ನಾಚಿಕೆಗೇಡು ಎಂದು ಅವಳಿಗೆ ಗೊತ್ತಿತ್ತು. ಗೊತ್ತಿದ್ದ ಮಾತ್ರಕ್ಕೆ ಕಿಚ್ಚು ಆರುವುದಿಲ್ಲ.

*

ಮಧ್ಯಾಹ್ನದ ಹೊತ್ತಿಗೆ ಮನೆಯಲ್ಲಿ ಕಾಲಿಡಲು ಜಾಗವಿರಲಿಲ್ಲ. ತನ್ನ ಗಂಡ ಸತ್ತಾಗ ಇದರ ಅರ್ಧ ಜನವೂ ಬಂದಿರಲಿಲ್ಲ ಎಂದುಕೊಳ್ಳುತ್ತಲೇ ದೊಡ್ಡವಳು ಚಹಾ ಹಂಚಿದಳು.

ಎಲ್ಲರಿಗಿಂತ ಜೋರಾಗಿ ಅಳುತ್ತಿದ್ದವಳು ಬೇಕರಿಯವಳು. "ತಪಾಸಣೆಗೆ ನನ್ನ ಕೈ ಹಿಡಿದು ಕರ್ಕೊಂಡ್ಹೋದ್ರು. ಡಾಕ್ಟ್ರು ಕರೆಯೋವರೆಗೂ ಪಕ್ಕದಲ್ಲೇ ಕೂತಿದ್ರು. ನಂಗೆ ಭಯ ಆಗ್ಬಾರ್ದು ಅಂತ ಏನೇನೋ ಜೋಕ್ ಹೇಳಿದ್ರು."

"ನನ್ನ ಜೊತೆಗೂ ಬಂದಿದ್ರು," ಎಂದಳು ಇನ್ನೊಬ್ಬಳು. "ಅರ್ಧ ದಿನದ ಸಂಬಳ ಬಿಟ್ಟು."

"ನನ್ನ ಜೊತೆಗೂ," ಎಂದರು ಯಾರೋ ಬಾಗಿಲ ಬಳಿಯಿಂದ.

ದೊಡ್ಡವಳು ಚಹಾದ ತಟ್ಟೆಯನ್ನು ಅಲ್ಲೇ ಕೆಳಗಿಟ್ಟಳು. ಇಷ್ಟು ವರ್ಷ ಚಿಕ್ಕವಳಿಗೆ ಏನು ಸಿಕ್ಕಿದರೂ ಅದು ತನಗೆ ಸಿಗಬೇಕಿತ್ತು ಎಂದು ಕರುಬಿದ್ದಳು. ಇವತ್ತಿನ ಉರಿಯೇ ಬೇರೆ. ಕಂಡಕಂಡವರಿಗೆಲ್ಲ ಚಿಕ್ಕವಳು ಸಿಕ್ಕಿದ್ದಳು, ಇವಳೊಬ್ಬಳನ್ನು ಬಿಟ್ಟು.

*

ನಾಲ್ಕು ತಿಂಗಳ ಕೆಳಗೆ ಚಿಕ್ಕವಳು ಟಾಯ್ಲೆಟ್ ತೊಳೆದು ಬಂದು ಯಂತ್ರದ ಪಕ್ಕ ನಿಂತಿದ್ದಳು.

"ಅಕ್ಕ, ರಕ್ತ ಇತ್ತು. ನಿಮ್ಮದಾ?"

"ಮೂಲವ್ಯಾಧಿ. ಕೂತು ಮಾಡೋ ಕೆಲಸ ಅಲ್ವಾ."

"ಇರಬಹುದು. ಡಾಕ್ಟ್ರು ಹಾಗಂತ ಹೇಳ್ಲಿ. ನಾಳೆ ನಾನೂ ಜೊತೆಗೆ ಬರ್ತೀನಿ."

"ಯಾಕೆ, ಗೋಡೆ ಮೇಲೆ ನಿನ್ನ ಪಕ್ಕ ಜಾಗ ಖಾಲಿ ಇದ್ಯಾ?"

ಚಿಕ್ಕವಳು ಮೊದಲು ನಕ್ಕಳು. ಆಮೇಲೆ ನಗಲಿಲ್ಲ. "ಹೊಟ್ಟೆಕಿಚ್ಚಿಗೆ ಮದ್ದಿಲ್ಲ ಅಕ್ಕ. ಹೊಟ್ಟೆಗೆ ಇದೆ. ಇನ್ನು ನಾನು ಕರೆಯಲ್ಲ. ನೀವು ಕರೆದ ದಿನ ಕೆಲಸ ಬಿಟ್ಟು ಬರ್ತೀನಿ."

ಕರೆದರೆ ಸೋತಂತೆ. ದೊಡ್ಡವಳು ಕರೆಯಲಿಲ್ಲ. ರಕ್ತ ನಿಲ್ಲಲಿಲ್ಲ. ಅಷ್ಟರಲ್ಲಿ ತನ್ನ ಅಂಗಿಗಳ ಬಗಲನ್ನು ಎರಡು ಸಲ ಹಿಡಿದು ಹೊಲಿದಿದ್ದಳು. ಮೈ ಇಳಿಯುತ್ತಿದೆ ಎಂದು ದರ್ಜಿಗೆ ಬೇರೆಯವರು ಹೇಳಬೇಕಾಗಿರಲಿಲ್ಲ. ಕರೆಯೋಣ, ಮುಂದಿನ ವಾರ ಕರೆಯೋಣ ಎಂದುಕೊಳ್ಳುತ್ತಲೇ ನಿನ್ನೆಯಾಯಿತು.

*

ಸ್ಮಶಾನದಲ್ಲಿ ಪೆಟ್ಟಿಗೆ ಕೆಳಗಿಳಿಯುವಾಗ ಬೇಕರಿಯವಳು ಮುಂದಕ್ಕೆ ಬಾಗಿ, "ಅಕ್ಕಾ! ನನ್ನಕ್ಕಾ!" ಎಂದು ಕೂಗಿದಳು.

ದೊಡ್ಡವಳು ಅವಳ ರಟ್ಟೆ ಹಿಡಿದು ಹಿಂದಕ್ಕೆ ಎಳೆದಳು. "ನಿನಗೆ ಅವಳು ಯಾವ ಸೀಮೆ ಅಕ್ಕ? ಇಷ್ಟು ವರ್ಷ ಅವಳ ಜೊತೆ ಜಗಳ ಆಡಿದೋಳು ನಾನು!"

"ಅತ್ತಿಗೆ, ಜನ ನೋಡ್ತಿದ್ದಾರೆ," ಎಂದ ಮೈದುನ.

"ನೋಡ್ಲಿ! ಊರವರ ಜೊತೆಗೆಲ್ಲ ಹೋದ್ಳು. ನನ್ನ ಸರದಿ ಬಂದಾಗ ಕೈ ಕೊಟ್ಟು ಹೋದ್ಳು."

ಹಿಂದೆ ನಿಂತಿದ್ದ ನರ್ಸ್ ಹತ್ತಿರ ಬಂದಳು. "ಅವರು ಎಲ್ಲಿಗೆ ಬರಬೇಕಿತ್ತು ಅಮ್ಮ?"

ದೊಡ್ಡವಳು ಗುಂಡಿಯನ್ನೇ ನೋಡುತ್ತ ಹೇಳಿದಳು, ಅದರೊಳಗಿದ್ದವಳಿಗೆ ಹೇಳುವಂತೆ. "ರಕ್ತ ಹೋಗ್ತಿದೆ. ನಿಂತಿಲ್ಲ."

"ಕಣ್ಣಿಗೆ ಕಾಣೋ ರಕ್ತಕ್ಕೆ ಪೊಟ್ಟಣ ಸಾಲದು, ಡಾಕ್ಟ್ರೇ ನೋಡಬೇಕು," ಎಂದಳು ನರ್ಸ್. "ಸಂಜೆವರೆಗೂ ಕೇಂದ್ರದಲ್ಲಿ ಇರ್ತಾರೆ. ಇಲ್ಲಿಂದ ನೇರ ಹೋಗೋಣ. ಜೊತೆಗೆ ಯಾರಾದ್ರೂ ಇದ್ರೆ ಒಳ್ಳೇದು."

"ನಾನು ಬರ್ತೀನಿ," ಎಂದಳು ಬೇಕರಿಯವಳು, ಎಳೆಸಿಕೊಂಡ ರಟ್ಟೆಯನ್ನು ಉಜ್ಜಿಕೊಳ್ಳುತ್ತ.

ಇವಳನ್ನು ಬಿಟ್ಟು ಬೇರೆ ಯಾರಾದರೂ ಆಗಬಾರದಿತ್ತೇ? ಬೇಡ ಎನ್ನಲು ದೊಡ್ಡವಳು ಬಾಯಿ ತೆರೆದಳು. ಬೇಡ ಎಂದು ಕಳೆದುಕೊಂಡದ್ದು ಕಣ್ಣೆದುರಿಗೇ ಇತ್ತು.

"ಸರಿ, ನಡಿ," ಎಂದಳು. "ದಾರಿಯಲ್ಲಿ ಅಳಬೇಡ."

ಆರೋಗ್ಯ ಕೇಂದ್ರದ ಪಡಸಾಲೆ ಜನರಿಂದ ತುಂಬಿತ್ತು. ಡಾಕ್ಟರ ಕೋಣೆಯ ಎದುರಿನ ಬೆಂಚು ಆಗತಾನೆ ಖಾಲಿಯಾಯಿತು. ದೊಡ್ಡವಳು ಹೋಗಿ ನಡುವೆ ಕೂತಳು.

"ನಿನ್ನ ಜೊತೆ ಬಂದಾಗ ಅವಳು ಎಲ್ಲಿ ಕೂತಿದ್ಳು?"

"ಇಲ್ಲೇ, ಬಲಗಡೆ," ಎನ್ನುತ್ತ ಬೇಕರಿಯವಳು ಅಲ್ಲೇ ಕೂರಲು ಹೋದಳು.

ದೊಡ್ಡವಳು ಆ ಜಾಗದ ಮೇಲೆ ಪಟ್ಟನೆ ಕೈಯಿಟ್ಟಳು. "ಅಲ್ಲಿ ಬೇಡ. ಆ ಕಡೆ ಕೂತ್ಕೋ."

ಬೇಕರಿಯವಳು ಸುತ್ತಿ ಬಂದು ಎಡಕ್ಕೆ ಕೂತಳು. ನಿಂತು ನಿಂತು ಸಾಕಾಗಿದ್ದ ಮುದುಕನೊಬ್ಬ ಬೆಂಚಿನ ಹತ್ತಿರ ಬಂದ. "ಇಲ್ಲಿ ಯಾರಾದ್ರೂ ಇದ್ದಾರೇನಮ್ಮ?"

"ಇದ್ದಾರೆ," ಎಂದ ದೊಡ್ಡವಳು ಬೆರಳುಗಳನ್ನು ಇನ್ನಷ್ಟು ಅಗಲಕ್ಕೆ ಹರಡಿದಳು.