ಸ್ವಿಚ್ಚಿನ ಮೇಲಿದ್ದ ಕೈ

ಒಂದೇ ವೇದಿಕೆಯ ಮೇಲೆ ಸಿದ್ದಾರ್ಥನೂ ನುಡಿಸುತ್ತಾನೆ ಎಂದು ಗೊತ್ತಾದಂದಿನಿಂದ ಬೆಟ್ಟಸ್ವಾಮಿಗೆ ಊಟ ರುಚಿಸಲಿಲ್ಲ. ದಾವಣಗೆರೆಯಿಂದ ಮೈಸೂರಿನವರೆಗೆ ಕಾಲೇಜು ಹುಡುಗರು ಅಂಗಿಯ ಮೇಲೆ ಬೆಟ್ಟಸ್ವಾಮಿಯ ಮುಖ ಅಚ್ಚು ಹಾಕಿಸಿಕೊಂಡು ತಿರುಗುತ್ತಿದ್ದರು. ಅಂಥವನು ತನ್ನದೇ ಸೀಮೆಯ ತಿಪಟೂರಿಗೆ ಬರಲು ಹೆದರಿದ್ದ.

ಇಬ್ಬರೂ ತೆಂಗಿನ ಸೀಮೆಯವರೇ. ಬೆಟ್ಟಸ್ವಾಮಿ ಶೆಟ್ಟಿಕೆರೆಯವನು, ಸಿದ್ದಾರ್ಥ ಸಂಪಿಗೆಯವನು. ತಿಪಟೂರಿನ ಕಾಲೇಜಿನಲ್ಲಿ ಸ್ನೇಹವಾಯಿತು. ಸಿದ್ದಾರ್ಥನ ಮನೆಯವರ ಕೊಬ್ಬರಿ ಗೋದಾಮಿನಲ್ಲಿ ಅಟ್ಟದ ಮೇಲೆ ಕಾಯಿ ಒಣಗುತ್ತಿದ್ದರೆ, ಕೆಳಗೆ ಇವರಿಬ್ಬರು ಒಂದೇ ಆಂಪ್ಲಿಫೈಯರಿಗೆ ಎರಡು ಗಿಟಾರು ಸಿಕ್ಕಿಸಿಕೊಂಡು ಕೂರುತ್ತಿದ್ದರು. ಸಿದ್ದಾರ್ಥನ ತಾಯಿ ದ್ರಾಕ್ಷಾಯಣಮ್ಮ ನಿಮ್ಮ ಗಲಾಟೆಗೆ ಕಾಯಿ ತಾವಾಗೇ ಬಿರಿದು ಹೋಗುತ್ತವೆ ಎಂದು ಬೈಯುತ್ತಲೇ ಇಬ್ಬರಿಗೂ ಮುದ್ದೆ ಬಡಿಸುತ್ತಿದ್ದರು. ಅಲ್ಲಿ ಹುಟ್ಟಿದ ರಾಕ್ ತಂಡಕ್ಕೆ ‘ಕರಟ’ ಎಂದು ಹೆಸರಿಟ್ಟರು. ಕೆಲವೇ ವರ್ಷಗಳಲ್ಲಿ ಆ ಹೆಸರು ಕನ್ನಡ ಬಲ್ಲ ಹುಡುಗರಿಗೆಲ್ಲ ಬಾಯಿಪಾಠವಾಯಿತು.

ಹೆಸರು ಬಂದಂತೆಲ್ಲ ಹೊಟ್ಟೆಕಿಚ್ಚೂ ಬಂತು. ಬೆಟ್ಟಸ್ವಾಮಿ ಬೆವರು ಸುರಿಸಿ ಕಲಿತವನು. ಅವನು ತಿಂಗಳುಗಟ್ಟಲೆ ತಿದ್ದಿ ತೀಡಿದ್ದನ್ನು ಸಿದ್ದಾರ್ಥ ಟೀ ಕುಡಿಯುತ್ತ ಒಂದು ಸಲ ಕೇಳಿ, ಲೋಟ ಕೆಳಗಿಟ್ಟು ನುಡಿಸಿಬಿಡುತ್ತಿದ್ದ. ಅದೂ ಇನ್ನಷ್ಟು ಚೆನ್ನಾಗಿ. ಸಿದ್ದಾರ್ಥನಿಗೆ ಬೇರೆ ಸಂಕಟವಿತ್ತು. ಜನ ಬೆಟ್ಟಸ್ವಾಮಿಯನ್ನು ಪ್ರೀತಿಸುತ್ತಿದ್ದರು, ತನ್ನನ್ನು ಬರೀ ಮೆಚ್ಚುತ್ತಿದ್ದರು ಎಂದು ಅವನು ಒಮ್ಮೆ ಕುಡಿದಾಗ ಹೇಳಿಕೊಂಡಿದ್ದ.

ಹುಬ್ಬಳ್ಳಿಯ ಒಂದು ಕಾರ್ಯಕ್ರಮದಲ್ಲಿ ಸಿದ್ದಾರ್ಥ ಮೈಮರೆತು ನುಡಿಸುತ್ತಿದ್ದಾಗ ಅವನ ಗಿಟಾರಿನ ಸದ್ದು ಇದ್ದಕ್ಕಿದ್ದಂತೆ ನಿಂತುಹೋಯಿತು. ಯಾರೋ ಎಡವಿ ವೈರು ಕಿತ್ತುಬಂದಿತ್ತು. ಸಿದ್ದಾರ್ಥ ತಿರುಗಿ ನೋಡಿದ್ದು ಬೆಟ್ಟಸ್ವಾಮಿಯ ಮುಖವನ್ನು. ಬೆಟ್ಟಸ್ವಾಮಿ ವೈರು ಮುಟ್ಟಿರಲಿಲ್ಲ. ಆದರೆ ಆ ಗಳಿಗೆಯಲ್ಲಿ ಅವನಿಗೆ ಆದ ಖುಷಿ ಮುಖದ ಮೇಲೆ ಹಾಗೇ ಇತ್ತು. ಅದನ್ನು ನೋಡಿದ ಮೇಲೆ ಸಿದ್ದಾರ್ಥ ಯಾರು ಏನು ಹೇಳಿದರೂ ನಂಬಲಿಲ್ಲ. ತಂಡ ಒಡೆಯಿತು. ಮಾತು ನಿಂತಿತು. ಅಭಿಮಾನಿಗಳು ಎರಡು ಗುಂಪಾಗಿ ಫೋನಿನಲ್ಲಿ ಬೈದಾಡಿಕೊಂಡು ವರ್ಷಗಳು ಕಳೆದವು.

ಈಗ ತಿಪಟೂರಿನ ಯುವಕ ಸಂಘದ ಲಕ್ಷ್ಮಯ್ಯ, ಇಬ್ಬರನ್ನೂ ಒಂದೇ ಸಂಜೆ ಕರೆಸಿ ಕಾರ್ಯಕ್ರಮ ಮಾಡುತ್ತೇನೆಂದು ಹಟ ಹಿಡಿದಿದ್ದರು. ಮೊದಲು ಬೆಟ್ಟಸ್ವಾಮಿ, ಕೊನೆಗೆ ಸಿದ್ದಾರ್ಥ. ಕೊನೆಗೆ ನುಡಿಸುವವನೇ ದೊಡ್ಡವನು ಎಂಬುದು ಈ ವೃತ್ತಿಯ ಲೆಕ್ಕ. ಬೆಟ್ಟಸ್ವಾಮಿ ಫೋನು ಮಾಡಿ, ಕೊನೆಯ ಸರದಿ ತನಗೇ ಬೇಕೆಂದು ಒಂದು ಮಾತು ಹೆಚ್ಚೇ ಆಡಿದ್ದ. ಲಕ್ಷ್ಮಯ್ಯ ಒಪ್ಪಲಿಲ್ಲ. ಈ ಮಾತು ಸಿದ್ದಾರ್ಥನ ಕಿವಿಗೂ ಬಿತ್ತು.

ಕಾರ್ಯಕ್ರಮದ ದಿನ ಮಧ್ಯಾಹ್ನ ಮಳೆ ಹೊಡೆದು ನಿಂತಿತು. ಕೊಬ್ಬರಿ ಮಂಡಿಯ ಹಿಂದಿನ ಬಯಲಿನಲ್ಲಿ ಕಬ್ಬಿಣದ ವೇದಿಕೆ ಕಟ್ಟಿ, ಮೇಲೆ ತೆಂಗಿನ ನಾರಿನ ಹಾಸು ಹಾಸಿದ್ದರು. ಹಾಸು ನೀರು ಕುಡಿದು ಭಾರವಾಗಿತ್ತು. ಕಾಲಿಟ್ಟರೆ ಪಿಚಕ್ಕೆಂದು ನೀರು ಮೇಲೇಳುತ್ತಿತ್ತು. ಬೆಟ್ಟಸ್ವಾಮಿ ಗಿಟಾರು ಹೆಗಲಿಗೆ ಹಾಕಿಕೊಂಡು ಸದ್ದು ಪರೀಕ್ಷೆಗೆ ಮೈಕಿನ ಹತ್ತಿರ ಬಾಯಿ ತಂದ. ತುಟಿಗೆ ಕೆಂಜಿಗ ಕಚ್ಚಿದ ಹಾಗಾಯಿತು. ಹಿಂದಕ್ಕೆ ಸರಿದು, ಎಡಗೈ ತಂತಿಯ ಮೇಲಿಟ್ಟುಕೊಂಡೇ ಬಲಗೈಯ ಹಿಂಬದಿಯಿಂದ ಮೈಕನ್ನು ಮೆಲ್ಲಗೆ ತಾಗಿಸಿದ. ಈ ಸಲ ಮೊಣಕೈವರೆಗೂ ಜುಮ್ಮೆಂದಿತು.

ಅವನಿಗೆ ತಕ್ಷಣ ಅರ್ಥವಾಯಿತು. ಗಿಟಾರಿಗೆ ಜನರೇಟರಿನ ಕರೆಂಟು, ಮೈಕಿಗೆ ಕಂಬದ ಕರೆಂಟು. ಅರ್ಥಿಂಗ್ ಸರಿಯಿಲ್ಲ. ತಂತಿ ಹಿಡಿದ ಕೈ ಒಂದು ಕಡೆ, ಮೈಕಿಗೆ ತಾಗುವ ತುಟಿ ಇನ್ನೊಂದು ಕಡೆ, ನಡುವೆ ಮನುಷ್ಯ. ಬೇರೆ ದೇಶಗಳಲ್ಲಿ ಗಿಟಾರು ನುಡಿಸುವವರು ಹೀಗೆ ವೇದಿಕೆಯ ಮೇಲೇ ಸತ್ತಿದ್ದನ್ನು ಅವನು ಕೇಳಿದ್ದ.

ಮೈಕು ಮತ್ತು ಜನರೇಟರಿನ ಗುತ್ತಿಗೆ ಹಿಡಿದಿದ್ದ ತಿಮ್ಮರಾಜುವನ್ನು ಕರೆದ. ತಿಮ್ಮರಾಜು ಮಳೆಗೆ ಒಸಿ ಹಂಗಾಗುತ್ತೆ ಎಂದು ನಕ್ಕ. ಬೆಟ್ಟಸ್ವಾಮಿ ದನಿ ಏರಿಸಿದ ಮೇಲೆ ಹೋಗಿ ನೆಲಕ್ಕೆ ಒಂದು ಕಬ್ಬಿಣದ ಗೂಟ ಹೊಡೆದು ಬಂದ. ಈಗ ಸರಿಯಾಗಿದೆ ಎಂದ. ತಾಗಿಸಿ ನೋಡಿದರೆ ಕಡಿಮೆಯಾಗಿತ್ತು, ಹೋಗಿರಲಿಲ್ಲ. ಬೆಟ್ಟಸ್ವಾಮಿಯ ಕಾಲಲ್ಲಿ ದಪ್ಪ ರಬ್ಬರಿನ ಬೂಟು ಇತ್ತು. ಮೈಕಿಗೆ ಕರ್ಚೀಫು ಸುತ್ತಿಕೊಂಡರೆ ತನ್ನ ಸರದಿ ಹೇಗೋ ಮುಗಿಯುತ್ತದೆ. ಆದರೆ ಸಿದ್ದಾರ್ಥ?

ಸಿದ್ದಾರ್ಥ ಬರಿಗಾಲಲ್ಲಿ ನುಡಿಸುತ್ತಿದ್ದ. ಗೋದಾಮಿನ ಕಾಲದಿಂದಲೂ ಹಾಗೆಯೇ. ಹಾಡುವಾಗ ಮೈಕನ್ನು ಕಚ್ಚುವಷ್ಟು ಹತ್ತಿರ ಬರುತ್ತಿದ್ದ.

ವೇದಿಕೆಯ ಪಕ್ಕದ ಶಾಲೆಯ ಕೋಣೆಯಲ್ಲಿ ಸಿದ್ದಾರ್ಥ ತಂತಿ ಶ್ರುತಿ ಮಾಡುತ್ತ ಕೂತಿದ್ದ. ಗಡ್ಡದಲ್ಲಿ ನರೆ ಬಂದಿತ್ತು. ಬೆಟ್ಟಸ್ವಾಮಿ ಬಾಗಿಲಲ್ಲಿ ನಿಂತ. ಮೈಕಿನಲ್ಲಿ ಕರೆಂಟು ಬರುತ್ತಿದೆ, ಅದಕ್ಕೆ ಬಟ್ಟೆ ಸುತ್ತಿ ಬೂಟು ಹಾಕಿಕೋ, ಇಲ್ಲವೇ ಸರಿಮಾಡುವವರೆಗೆ ಹತ್ತಬೇಡ ಎಂದು ಒಂದೇ ಉಸಿರಿಗೆ ಹೇಳಿದ.

ಸಿದ್ದಾರ್ಥ ತಲೆ ಎತ್ತಲಿಲ್ಲ. “ಕೊನೇಲಿ ನುಡಿಸ್ಬೇಕು ಅಂತ ಲಕ್ಷ್ಮಯ್ಯಂಗೆ ಫೋನ್ ಮಾಡ್ದೆ, ಆಗ್ಲಿಲ್ಲ. ಈಗ ಕರೆಂಟಾ?”

“ದೇವ್ರಾಣೆ ಕಣ್ಲಾ.”

“ಹುಬ್ಬಳ್ಳೀಲೂ ಆಣೆ ಮಾಡಿದ್ದೆ. ಹೋಗು.”

ಬೆಟ್ಟಸ್ವಾಮಿ ಹೊರಗೆ ಬಂದ. ಎದೆಯ ಒಂದು ಮೂಲೆಯಲ್ಲಿ ಯಾರೋ ಮೆಲ್ಲಗೆ ಹೇಳಿದಂತಾಯಿತು: ನೀನು ಹೇಳಿದೆಯಲ್ಲ, ಇನ್ನು ನಿನ್ನ ಮೇಲೇನೂ ಇಲ್ಲ. ಆ ದನಿ ಎಷ್ಟು ಹಿತವಾಗಿತ್ತೆಂದರೆ ಅವನಿಗೆ ಕರೆಂಟಿಗಿಂತ ಅದರ ಭಯವೇ ಹೆಚ್ಚಾಯಿತು. ಲಕ್ಷ್ಮಯ್ಯನವರನ್ನು ಹುಡುಕಿ ಹೇಳಿದ. ಅವರು ಬಯಲು ತುಂಬ ನೆರೆದ ಜನರನ್ನು ತೋರಿಸಿ, ತಿಮ್ಮರಾಜು ಸರಿಮಾಡಿದ್ದಾನಂತಲ್ಲ ಎಂದು ಮುಗಿಸಿಬಿಟ್ಟರು. ಅವರ ಕಣ್ಣಿನಲ್ಲೂ ಅದೇ ಅನುಮಾನವಿತ್ತು.

ತನ್ನ ಸರದಿಯನ್ನು ಹೇಗೆ ನುಡಿಸಿದನೋ ಅವನಿಗೇ ತಿಳಿಯದು. ಬೆರಳು ಎರಡು ಕಡೆ ತಪ್ಪಿತು. ಜನ ಚಪ್ಪಾಳೆ ತಟ್ಟಿದರು, ಆದರೆ ಅವರು ಕಾಯುತ್ತಿದ್ದದ್ದು ಮುಂದಿನವನಿಗೆ ಎಂದು ಆ ಚಪ್ಪಾಳೆಯಲ್ಲೇ ಗೊತ್ತಾಗುತ್ತಿತ್ತು. ಇಳಿದವನು ಕಾರಿನ ಕಡೆ ಹೋಗಲಿಲ್ಲ. ವೇದಿಕೆಯ ಹಿಂದೆ ಜನರೇಟರಿನ ಸ್ವಿಚ್ಚುಗಳ ಹಲಗೆಯ ಹತ್ತಿರ, ಬೇಕಾದಾಗ ಕರೆಂಟು ತೆಗೆಯಲೆಂದು ತಿಮ್ಮರಾಜುವನ್ನು ಕಾವಲು ನಿಲ್ಲಿಸಲು ಹೋದ. ಅವನು ದೀಪ ಸರಿಮಾಡಲು ಎಲ್ಲೋ ಏಣಿ ಹತ್ತಿದ್ದ. ಕೊನೆಗೆ ಬೆಟ್ಟಸ್ವಾಮಿಯೇ ಮೇನ್ ಸ್ವಿಚ್ಚಿನ ಹಿಡಿಯ ಮೇಲೆ ಕೈಯಿಟ್ಟುಕೊಂಡು ನಿಂತ. ಅಲ್ಲಿಂದ ಪರದೆಯ ಸಂದಿಯಲ್ಲಿ ವೇದಿಕೆ ಕಾಣುತ್ತಿತ್ತು.

ಸಿದ್ದಾರ್ಥ ಬರಿಗಾಲಲ್ಲಿ ಬಂದ. ಮೊದಲು ಹಾಡಲಿಲ್ಲ, ಬರೀ ನುಡಿಸಿದ. ಆ ಸಂಜೆ ಅವನು ನುಡಿಸಿದ್ದನ್ನು ಕೇಳಿದವರು ಇವತ್ತಿಗೂ ಮಾತಾಡುತ್ತಾರೆ. ಗದ್ದಲದ ಸಂಗೀತವೆಂದು ಮೂಗು ಮುರಿಯುತ್ತಿದ್ದ ಮುದುಕರೂ ಕುರ್ಚಿಯ ತುದಿಗೆ ಬಂದು ಕೂತರು. ಗೋದಾಮಿನಲ್ಲಿ ಬೆಟ್ಟಸ್ವಾಮಿ ಕಟ್ಟಿದ್ದ ಒಂದು ಹಳೆಯ ಧಾಟಿಯನ್ನು ಎತ್ತಿಕೊಂಡು, ಅವನಿಗೆ ಎಂದೂ ಹೊಳೆಯದ ಕಡೆಗೆ ಕೊಂಡೊಯ್ದ. ತನ್ನ ಕೂಸು ಇನ್ನೊಬ್ಬರ ಮನೆಯಲ್ಲಿ ಚೆಂದವಾಗಿ ಬೆಳೆದದ್ದನ್ನು ನೋಡಿದ ಹಾಗೆ ಬೆಟ್ಟಸ್ವಾಮಿಯ ಕರುಳು ಹಿಂಡಿತು. ಇವನು ಇರುವವರೆಗೆ ನಾನು ಎರಡನೆಯವನೇ ಎಂದುಕೊಂಡ.

ಆಗಲೇ ಸಿದ್ದಾರ್ಥ ಹಾಡಲು ಮೈಕಿಗೆ ಬಾಯಿ ಕೊಟ್ಟ.

ಒಂದು ಸಾಲು ಹಾಡಿದ. ಎರಡನೆಯ ಸಾಲಿನಲ್ಲಿ ದನಿ ಮುರಿಯಿತು. ಎಡಗೈ ಗಿಟಾರಿನ ಕುತ್ತಿಗೆಯನ್ನು ಬಿಗಿಯಾಗಿ ಅಮುಕಿಕೊಂಡಿತು, ಬಲಗೈ ಮೈಕಿನ ಕಂಬವನ್ನು ಹಿಡಿದುಕೊಂಡಿತು. ಎರಡೂ ಬಿಡಲಿಲ್ಲ. ಸ್ಪೀಕರಿನಿಂದ ಗೊರ್ರೆನ್ನುವ ಸದ್ದು ಹೊರಟಿತು. ಅದೂ ಹಾಡಿನ ಭಾಗವೆಂದು ತಿಳಿದು ಜನ ಸಿಳ್ಳೆ ಹೊಡೆದರು. ಮೈ ನಡುಗುತ್ತಿದ್ದುದು ಆವೇಶ ಬಂದವನ ಹಾಗೆಯೇ ಕಾಣುತ್ತಿತ್ತು. ಆ ನಡುಕದಲ್ಲಿ ಅವನ ಕುತ್ತಿಗೆ ಪಕ್ಕಕ್ಕೆ ತಿರುಗಿತು. ಕಣ್ಣು ಪರದೆಯ ಸಂದಿಗೆ ನೆಟ್ಟಿತು.

ಏನಾಗುತ್ತಿದೆ ಎಂದು ಆ ಬಯಲಿನಲ್ಲಿ ತಿಳಿದಿದ್ದವನು ಬೆಟ್ಟಸ್ವಾಮಿ ಒಬ್ಬನೇ. ಕೈ ಸ್ವಿಚ್ಚಿನ ಮೇಲೆಯೇ ಇತ್ತು. ಕೆಳಗೆಳೆದರೆ ಸಾಕಿತ್ತು.

ಕೈ ಎಳೆಯಲಿಲ್ಲ.

ಒಂದು ಉಸಿರಿನಷ್ಟು ಹೊತ್ತು ಇರಬಹುದು. ಅಷ್ಟರಲ್ಲಿ ಅವನು ಏನನ್ನೂ ಯೋಚಿಸಲಿಲ್ಲ. ಸುಮ್ಮನೆ ನೋಡುತ್ತ ನಿಂತ. ಹುಬ್ಬಳ್ಳಿಯಲ್ಲಿ ಮುಖದ ಮೇಲೆ ಬಂದಿದ್ದದ್ದು ಈಗಲೂ ಬರುತ್ತಿದೆ ಎಂದು ಕೆನ್ನೆಯ ಬಿಗಿತದಿಂದ ತಿಳಿಯಿತು. ಅದು ತಿಳಿದದ್ದೇ ತಡ, ಭಯದಿಂದ ಚೀರಿ ಹಿಡಿಯನ್ನು ಎಳೆದುಬಿಟ್ಟ.

ಅರ್ಧ ವೇದಿಕೆ ಕತ್ತಲಾಯಿತು. ಸಿದ್ದಾರ್ಥ ಕಡಿದ ಬಾಳೆಯಂತೆ ಹಾಸಿನ ಮೇಲೆ ಬಿದ್ದ. ಬೆಟ್ಟಸ್ವಾಮಿ ಓಡಿಹೋಗಿ ಅವನ ಎದೆಯನ್ನು ಒತ್ತಿದ, ಹೆಸರು ಹಿಡಿದು ಕೂಗಿದ, ಮತ್ತೆ ಒತ್ತಿದ. ಆಸ್ಪತ್ರೆಯ ಗಾಡಿ ಬರುವ ಹೊತ್ತಿಗೆ ಸಿದ್ದಾರ್ಥ ಉಸಿರಾಡುತ್ತಿದ್ದ. ತಂತಿಗಳಿದ್ದ ಕಡೆ ಎಡಗೈಯ ಎರಡು ಬೆರಳ ತುದಿ ಸುಟ್ಟು ಕರಕಲಾಗಿದ್ದವು.

ಊರಿಗೆ ಊರೇ ಬೆಟ್ಟಸ್ವಾಮಿಯನ್ನು ಹೊಗಳಿತು. ಹಗೆಯನ್ನು ಮರೆತು ಜೀವ ಉಳಿಸಿದ ಎಂದು ಪತ್ರಿಕೆಗಳು ಬರೆದವು. ಮರುದಿನ ಆಸ್ಪತ್ರೆಯ ಮೊಗಸಾಲೆಯಲ್ಲಿ ದ್ರಾಕ್ಷಾಯಣಮ್ಮ ಅವನ ಎರಡೂ ಕೈಗಳನ್ನು ಹಿಡಿದು ಕಣ್ಣಿಗೊತ್ತಿಕೊಂಡರು. “ಈ ಕೈ ತಣ್ಣಗಿರ್ಲಿ ಕಣಪ್ಪ. ನನ್ ಮಗನ್ನ ಉಳಿಸ್ಕೊಟ್ಟ ಕೈ,” ಎಂದರು. ಬೆಟ್ಟಸ್ವಾಮಿಗೆ ಕೈ ಕಿತ್ತುಕೊಂಡು ಓಡಿಹೋಗಬೇಕು ಅನಿಸಿತು. ಕಿತ್ತುಕೊಳ್ಳಲೂ ಹೆದರಿ ಹಾಗೇ ನಿಂತ.

ಒಳಗೆ ಸಿದ್ದಾರ್ಥ ಒಬ್ಬನೇ ಇದ್ದ. ತಾನು ಹೇಳದಿದ್ದರೆ ಈ ಹೊಗಳಿಕೆಯ ಕೆಳಗೆ ಉಸಿರುಗಟ್ಟಿ ಸಾಯುತ್ತೇನೆ ಎಂದು ಬೆಟ್ಟಸ್ವಾಮಿಗೆ ಅನಿಸಿತು. ಮಂಚದ ಪಕ್ಕ ನಿಂತೇ ಹೇಳಿದ.

“ನಿಂಗೆ ಹೊಡೀತಿದ್ದಾಗ ನಂಗೆ ಗೊತ್ತಾಯ್ತು. ಕೈ ಸ್ವಿಚ್ ಮೇಲೇ ಇತ್ತು. ಒಸಿ ಹೊತ್ತು ಹಂಗೇ ನಿಂತಿದ್ದೆ.”

“ಗೊತ್ತು,” ಎಂದ ಸಿದ್ದಾರ್ಥ. “ನಿನ್ನೇ ನೋಡ್ತಿದ್ದೆ.”

ಆಮೇಲೆ ಗೋಡೆಯ ಕಡೆ ಹೊರಳಿ ಮಲಗಿದ.

ಅಂದಿನಿಂದ ಬೆಟ್ಟಸ್ವಾಮಿಗೆ ಬೇರೊಂದು ಭಯ ಹತ್ತಿಕೊಂಡಿತು. ಟಿವಿಯವರು ಕೇಳಿದಾಗ ಸಿದ್ದಾರ್ಥ, ಬೆಟ್ಟಸ್ವಾಮಿ ಸ್ವಿಚ್ ಎಳೆದಿದ್ದಕ್ಕೆ ಬದುಕಿದೆ ಎಂದಷ್ಟೇ ಹೇಳಿದ. ಉಳಿದದ್ದನ್ನು ನಾಳೆ ಹೇಳುತ್ತಾನೆ, ನಾಡಿದ್ದು ಹೇಳುತ್ತಾನೆ ಎಂದು ಬೆಟ್ಟಸ್ವಾಮಿ ಪ್ರತಿ ಫೋನಿಗೂ ಬೆಚ್ಚುತ್ತಿದ್ದ. ಹೇಳಲಿಲ್ಲ. ಹೆಂಡತಿ ಪುಷ್ಪಲತಾ ಏನಾಯಿತೆಂದು ಎಷ್ಟು ಕೇಳಿದರೂ ಅವನು ಬಾಯಿ ಬಿಡಲಿಲ್ಲ. ಕಾರ್ಯಕ್ರಮಗಳನ್ನು ಬಿಟ್ಟು ಶೆಟ್ಟಿಕೆರೆಯ ತೋಟದ ಮನೆಯಲ್ಲಿ ಉಳಿದುಕೊಂಡ. ಸಿದ್ದಾರ್ಥ ಇನ್ನು ನುಡಿಸುವುದಿಲ್ಲ ಎಂದು ಜನ ಆಡಿಕೊಂಡರು. ಬೆಟ್ಟಸ್ವಾಮಿ ಆಸೆಪಟ್ಟಿದ್ದ ಮೊದಲನೆಯ ಜಾಗ ಅವನಿಗಾಗಿ ಖಾಲಿ ಬಿದ್ದಿತ್ತು. ಅದರ ಹತ್ತಿರ ಹೋಗಲು ಅವನಿಗೆ ಕಾಲು ಬರಲಿಲ್ಲ.

ಬೇಸಿಗೆಯ ಒಂದು ಬೆಳಿಗ್ಗೆ ಪುಷ್ಪಲತಾ ಫೋನು ತಂದು ತೋರಿಸಿದಳು. ಸಿದ್ದಾರ್ಥನ ಹೊಸ ವಿಡಿಯೋ. ಸತ್ತ ಎರಡು ಬೆರಳನ್ನು ಮಡಚಿಕೊಂಡು ಉಳಿದ ಎರಡರಲ್ಲಿ ನುಡಿಸುತ್ತಿದ್ದ. ಹಿಂದಿನ ಓಟವಿರಲಿಲ್ಲ. ಒಂದೊಂದೇ ಸ್ವರ, ನಡುವೆ ಬೇಕಾದಷ್ಟು ಬಿಡುವು. ಬೆಟ್ಟಸ್ವಾಮಿಯ ಕಣ್ಣಲ್ಲಿ ನೀರು ಬಂತು. ಇಷ್ಟು ಚೆನ್ನಾಗಿ ಸಿದ್ದಾರ್ಥ ಎಂದೂ ನುಡಿಸಿರಲಿಲ್ಲ.

ಆ ನೀರು ಆರುವ ಮೊದಲೇ, ಹಳೆಯ ಹೊಟ್ಟೆಕಿಚ್ಚು ಮಿಸುಕಿತು. ಎರಡು ಬೆರಳಲ್ಲೂ ನನಗಿಂತ ಮೇಲೆ. ಅದು ಆ ಸಂಜೆಯೇ ಸತ್ತಿದೆ ಎಂದು ಬೆಟ್ಟಸ್ವಾಮಿ ನಂಬಿದ್ದ. ತೋಟದೊಳಕ್ಕೆ ಹೋಗಿ ಸಿದ್ದಾರ್ಥನಿಗೆ ಫೋನು ಮಾಡಿದ. ಅವನು ಎತ್ತಿದ.

“ಈಗ ಕೇಳ್ದೆ,” ಎಂದ ಬೆಟ್ಟಸ್ವಾಮಿ. “ಹೊಟ್ಟೆ ಉರೀತು ಕಣ್ಲಾ. ಇನ್ನೂ ಹೋಗಿಲ್ಲ ಅದು. ನಂಗೆ ಭಯ ಆಗ್ತೈತೆ.”

ಆ ಕಡೆ ಗಿಟಾರು ಕೆಳಗಿಟ್ಟ ಸದ್ದಾಯಿತು.

“ಆವತ್ತು ನೀನು ಚೀರಿದ್ದು ನಂಗೆ ಕೇಳಿಸ್ತು,” ಎಂದ ಸಿದ್ದಾರ್ಥ. “ಸ್ವಿಚ್ ಎಳ್ಯೋಕೆ ಮುಂಚೆ. ಮನುಷ್ಯ ಹಂಗೆ ಚೀರೋದ್ನ ನಾನು ಎಲ್ಲೂ ಕೇಳಿಲ್ಲ. ನಂದೂ ಹೋಗಿಲ್ಲ ಬುಡು. ನಾನಾಗಿದ್ರೆ ಎಳೀತಿದ್ನೋ ಇಲ್ವೋ, ಅದ್ನೇ ಯೋಚ್ನೆ ಮಾಡ್ತಾ ಮಲಗಿದ್ದೆ ಇಷ್ಟು ದಿನ.”

ಬೆಟ್ಟಸ್ವಾಮಿ ಒಂದು ತೆಂಗಿನ ಬುಡಕ್ಕೆ ಒರಗಿ ಕೂತ. ವಿಡಿಯೋದಲ್ಲಿ ಯಾವ ಜಾಗ ಇಷ್ಟವಾಯಿತು ಎಂದು ಸಿದ್ದಾರ್ಥ ಕೇಳಿದ. ಬೆಟ್ಟಸ್ವಾಮಿ ಹೇಳಿದ. ಅಲ್ಲಿ ಶ್ರುತಿ ಒಂಚೂರು ಕೆಳಗಿದೆ, ಬೇಕೆಂದೇ ಬಿಟ್ಟೆಯಾ ಎಂದೂ ಕೇಳಿದ. ಸಿದ್ದಾರ್ಥ ಇಲ್ಲವೆಂದು ವಾದಕ್ಕೆ ಬಿದ್ದ. ಬಿಸಿಲು ಏರುವವರೆಗೂ ಇಬ್ಬರೂ ಒಬ್ಬರಿಗೊಬ್ಬರು ಸೋಲದೆ ಅದನ್ನೇ ಎಳೆದಾಡಿದರು.