ಯೋಗದಕ್ಕನ ಎಡಭುಜ

ಯೋಗದಕ್ಕನಿಗೆ ಬೆಳಗ್ಗೆ ಹಾಸಿಗೆ ಬಿಟ್ಟು ಏಳೋದೇ ಒಂದು ದೊಡ್ಡ ಕೆಲಸವಾಗಿ ಎರಡು ವರ್ಷವಾಗಿತ್ತು. ಬಲಸೊಂಟದ ಕೀಲು ತುಕ್ಕು ಹಿಡಿದ ಚಿಲಕದ ಹಾಗೆ ಹಿಡಿದುಕೊಂಡು, ಕಾಲು ನೆಲಕ್ಕಿಟ್ಟರೆ ಜೀವ ಬಾಯಿಗೆ ಬರೋದು. ಹಾಗೇ ಎದ್ದು, ಮಾತ್ರೆ ನುಂಗಿ, ಎರಡು ಬಸ್ಸು ಬದಲಾಯಿಸಿ, ಕಣ್ಣು ಕಾಣದ ಮಕ್ಕಳ ಶಾಲೆಗೆ ಬಂದು, ಎಂಟು ಗಂಟೆಗೆ ಸರಿಯಾಗಿ 'ಎಲ್ಲರೂ ನೇರವಾಗಿ ನಿಂತ್ಕೊಳ್ಳಿ' ಅನ್ನಬೇಕು. ಇದಕ್ಕಿಂತ ದೊಡ್ಡ ತಮಾಷೆ ಬೇಕಾ? ಸೊಂಟ ಕೈಕೊಟ್ಟ ಯೋಗದ ಟೀಚರನ್ನ ಯಾವ ಶಾಲೆ ಇಟ್ಟುಕೊಳ್ಳುತ್ತೆ ಅಂತ ಆಕೆ ಯಾರಿಗೂ ಬಾಯಿ ಬಿಟ್ಟಿರಲಿಲ್ಲ. ಬೆಕ್ಕು ಕಣ್ಣು ಮುಚ್ಚಿಕೊಂಡು ಹಾಲು ಕುಡಿದ ಹಾಗೆ ನಡೆಸಿಕೊಂಡು ಬಂದಿದ್ದಳು. ಇಷ್ಟಿಷ್ಟೇ ಬರುವ ಡೊಂಕು ದಿನಾ ನೋಡೋರ ಕಣ್ಣಿಗೆ ಬೀಳೋದಿಲ್ಲ. ಇನ್ನು ಆಕೆಯ ತರಗತಿಯಲ್ಲಿ ನೋಡೋರಾದರೂ ಯಾರಿದ್ದರು?

ಆಕೆ ಕಲಿಸೋ ರೀತಿಯೇ ಬೇರೆ. ಹುಟ್ಟಿದಾಗಿನಿಂದ ಇನ್ನೊಬ್ಬರು ನಿಂತಿದ್ದನ್ನೇ ನೋಡದ ಮಗುವಿಗೆ 'ನೆಟ್ಟಗೆ ನಿಲ್ಲು' ಅಂದರೆ ಏನು ಹೊಳೆಯಬೇಕು, ಹೇಳಿ. ಅದಕ್ಕೇ ಆಕೆ ತಾನು ಮೊದಲು ನಿಲ್ಲುವಳು. ಮಕ್ಕಳು ಒಬ್ಬೊಬ್ಬರಾಗಿ ಬಂದು ಆಕೆಯ ಹಿಮ್ಮಡಿಯಿಂದ ಶುರುಮಾಡಿ, ಮಂಡಿ, ಸೊಂಟ, ಪಕ್ಕೆ, ಭುಜ, ಕುತ್ತಿಗೆಯವರೆಗೆ ಎರಡೂ ಕೈಯಿಂದ ಸವರಿ ನೋಡುವರು. ಆಮೇಲೆ ತಮ್ಮ ಮೈ ಮುಟ್ಟಿಕೊಂಡು ಅದೇ ಥರ ನಿಲ್ಲುವರು. 'ಓದ್ಕೊಳ್ಳಿ ನನ್ನನ್ನ' ಅನ್ನುವಳು. ನಾಲ್ಕು ವರ್ಷದ ಹಿಂದೆ ಆಕೆ ಬಂದಾಗ ಇದೇ ಮಕ್ಕಳು ತಲೆ ಎದೆಗೆ ಇಳಿಬಿಟ್ಟು, ಕಾಲೆಳೆದುಕೊಂಡು, ಗೋಡೆ ಬಿಟ್ಟು ಒಂದು ಹೆಜ್ಜೆ ಇಡಲು ನಡುಗುತ್ತಿದ್ದವು. ಈಗ ಒಂಟಿಕಾಲಲ್ಲಿ ವೃಕ್ಷಾಸನ ಹಾಕಿ ಇಪ್ಪತ್ತು ಎಣಿಸುವವರೆಗೂ ನಿಲ್ಲುತ್ತವೆ. ಬದುಕಿನಲ್ಲಿ ಆಕೆ ಹೆಮ್ಮೆಪಟ್ಟಿದ್ದು ಇದೊಂದಕ್ಕೇ.

ಒಂದು ವಿಷಯಕ್ಕೆ ಮಾತ್ರ ಸಿಟ್ಟು ಬರೋದು. ಆಸನಕ್ಕೆ ಕಾಲೆತ್ತುವಾಗ ಈ ಮಕ್ಕಳು ಮೂಗಿನಲ್ಲಿ 'ಹ್ಮ್ಮ್' ಅಂತ ಸಣ್ಣಗೆ ನರಳೋವು, ಎಲ್ಲರೂ ಒಟ್ಟಿಗೆ, ಭಜನೆಯವರ ಹಾಗೆ. ಅಣಕಿಸುತ್ತಿದ್ದಾವೆ ಅಂತ ಆಕೆ ಎಷ್ಟೋ ಸಲ ಗದರಿದ್ದಳು. ಒಂದೆರಡು ದಿನ ಸುಮ್ಮನಿದ್ದು ಮತ್ತೆ ಅದೇ ರಾಗ.

ಆ ಗುಂಪಿನಲ್ಲಿ ದರ್ಜಿಯ ಮಗಳು ಒಬ್ಬಳಿದ್ದಳು, ಹನ್ನೊಂದು ವರ್ಷದವಳು, ಎಲ್ಲರೂ ಚೂಟಿ ಅಂತಲೇ ಕರೆಯುತ್ತಿದ್ದರು. ಪಾಠದಲ್ಲಿ ಮುಂದು, ಬಾಯಲ್ಲಿ ಇನ್ನೂ ಮುಂದು. ಅಕ್ಕ ಓದುವ ಮಾಮೂಲಿ ಶಾಲೆಗೆ ತಾನೂ ಹೋಗಬೇಕು ಅನ್ನೋದು ಅವಳ ಒಂದೇ ಹಟ. ಆ ಶಾಲೆಯವರು ಆಗಲಿ ಅಂದಿದ್ದರು, ಆದರೆ ಒಂದು ಷರತ್ತು ಹಾಕಿದ್ದರು. ಅಲ್ಲಿಯ ಅಂಗಳ ದೊಡ್ಡದು, ಗೋಡೆಯಿಲ್ಲ, ಕಂಬಿಯಿಲ್ಲ. ಹುಡುಗಿ ಯಾರ ಕೈಯನ್ನೂ ಹಿಡಿಯದೆ ಅದನ್ನು ದಾಟಬೇಕು. ಅದಕ್ಕೆ ಇಲ್ಲಿಯೇ ಒಂದು ಪರೀಕ್ಷೆ: ಜಗುಲಿಯ ಮೆಟ್ಟಿಲಿನಿಂದ ಗೇಟಿನವರೆಗೆ ನಲವತ್ತು ಹೆಜ್ಜೆ, ಕೈಯಲ್ಲಿ ಕೋಲು, ಎರಡೂ ಕಡೆ ಸುಣ್ಣದ ಗೆರೆ. ಗೆರೆ ದಾಟಿದರೆ ಆಟ ಮುಗಿಯಿತು. ಮೂರು ಸಲ ಅವಕಾಶ. ಚೂಟಿ ಎರಡು ಸಲವೂ ಎಡಕ್ಕೆ ವಾಲಿಕೊಂಡು ಹೋಗಿ ಹೂವಿನ ಕುಂಡ ಒದ್ದಿದ್ದಳು.

ಕೋಲು ಹಿಡಿದು ನಡೆಯೋದನ್ನು ಕಲಿಸುವ ಮೇಷ್ಟ್ರಿಗೆ ತಲೆಕೆಟ್ಟು ಹೋಯಿತು. ಮಣಿಕಟ್ಟು ತಿದ್ದಿದರು, ಚಪ್ಪಲಿ ಬದಲಾಯಿಸಿದರು, ಕಿವಿ ಡಾಕ್ಟರಿಗೂ ತೋರಿಸಿದರು. ಕೊನೆಗೆ ಅಂಗಳವೇ ಇಳಿಜಾರು ಅಂತ ಅನುಮಾನ ಬಂದು ಗಾರೆಯವನನ್ನು ಕರೆಸಿ ಮಟ್ಟ ಇಡಿಸಿದರು. ಅಂಗಳ ಬಟ್ಟಲ ನೀರಿನಷ್ಟು ಸಮ ಇತ್ತು. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ ಅಂತ ಯೋಗದಕ್ಕನೇ ಮೇಷ್ಟ್ರನ್ನು ಛೇಡಿಸಿದಳು. ಪಾಪ, ಆ ಗಾದೆ ಯಾರ ಕಡೆ ತಿರುಗುತ್ತೆ ಅಂತ ಆಗ ಆಕೆಗೇನು ಗೊತ್ತು.

ಮೂರನೆಯ ಸಲಕ್ಕೆ ಎಂಟು ದಿನ ಇದ್ದಾಗ ಚೂಟಿಯ ಅಪ್ಪ ಶಾಲೆಗೆ ಬಂದ. ಹೊಸ ಸಮವಸ್ತ್ರದ ಹೊಲಿಗೆ ಕೆಲಸ ಈ ಸಲ ಅವನಿಗೇ ಸಿಕ್ಕಿತ್ತು. ಸಾಮಾನಿನ ಕೋಣೆಯಲ್ಲಿ, ಯೋಗದಕ್ಕನ ಎದುರಿಗೇ, ಯೋಗದ ತರಗತಿಯ ಒಂಬತ್ತು ಮಕ್ಕಳ ಅಳತೆ ತೆಗೆದ. ತೆಗೆದವನು ಮತ್ತೊಮ್ಮೆ ತೆಗೆದ. ಮಕ್ಕಳೆಲ್ಲ ಹೊರಗೆ ಹೋದ ಮೇಲೆ, ಟೇಪನ್ನು ಬೆರಳಿಗೆ ಸುತ್ತುತ್ತ, ಬಿಚ್ಚುತ್ತ, ಬಾಗಿಲಲ್ಲೇ ನಿಂತುಬಿಟ್ಟ. ಎರಡು ವರ್ಷದಿಂದ ಮಗಳ ಲಂಗದ ಅಂಚು ಎಡಗಡೆ ಇಳಿದು ಬರುತ್ತಿತ್ತಂತೆ, ತನ್ನ ಕತ್ತರಿಯೇ ಸರಿಯಿಲ್ಲ ಅಂದುಕೊಂಡು ಕತ್ತರಿ ಸಾಣೆಗೂ ಕೊಟ್ಟಿದ್ದನಂತೆ. ಇವತ್ತು ನೋಡಿದರೆ ಏಳು ಮಕ್ಕಳಿಗೂ ಹಾಗೇ, ಎಡಭುಜ ಒಂದು ಬೆರಳು ಕೆಳಗೆ. ಈ ತಿಂಗಳು ಸೇರಿದ ಇಬ್ಬರಿಗೆ ಮಾತ್ರ ಎರಡೂ ಭುಜ ಸಮ.

"ತಪ್ಪು ತಿಳ್ಕೋಬೇಡಿ ಅಕ್ಕಾ," ಅಂದ ಅವನು, ನೆಲ ನೋಡಿಕೊಂಡು. "ನಿಮ್ಮ ಅಂಗೀನೂ ಎಡಗಡೆ ಇಳಿಬಿದ್ದಿದೆ."

ಅವನು ಹೋದ ಮೇಲೆ ಯೋಗದಕ್ಕ ಸಮವಸ್ತ್ರದ ಬಟ್ಟೆಯ ಗಂಟಿನ ಮೇಲೆ ಕುಸಿದು ಕೂತಳು. ನೋವಿಲ್ಲದ ಎಡಗಾಲಿಗೆ ಭಾರ ಬಿಟ್ಟು, ಎಡಭುಜ ಇಳಿಬಿಟ್ಟು, ಕಾಲೆತ್ತುವಾಗ ಹಲ್ಲು ಕಚ್ಚಿ ಹ್ಮ್ಮ್ ಅಂದು ನಿಲ್ಲುತ್ತಿದ್ದವಳು ಯಾರು? ಆಕೆಯೇ. ಮಕ್ಕಳು ಅಣಕಿಸಿರಲಿಲ್ಲ. ಅಕ್ಷರಕ್ಷರ ಓದಿಕೊಂಡಿದ್ದವು, ಅಷ್ಟೇ. ಚೂಟಿಗೆ ನೇರ ಅಂದರೆ ಇದೇ ನೇರ, ಆ ನೇರದಲ್ಲೇ ನಡೆದರೆ ಕಾಲು ಹೂವಿನ ಕುಂಡಕ್ಕಲ್ಲದೆ ಇನ್ನೆಲ್ಲಿಗೆ ಹೋಗಬೇಕು. ಅಂಗೈ ಹುಣ್ಣಿಗೆ ಕನ್ನಡಿ ಬೇಕಾಗಿರಲಿಲ್ಲ. ನಾಚಿಕೆಯಿಂದ ಆಕೆಯ ಮುಖ ಉರಿಯಿತು. ಆಮೇಲೆ ತುಂಬ ಸುಸ್ತಾಯಿತು, ಎದ್ದು ಬಾಗಿಲವರೆಗೆ ಹೋಗುವುದೂ ಬೇಡ ಅನ್ನುವಷ್ಟು.

ಸುಮ್ಮನಿದ್ದುಬಿಡಬಹುದಿತ್ತು. ದರ್ಜಿ ಬಾಯಿಬಡುಕನಲ್ಲ. ಆ ಯೋಚನೆ ಬರಲಿಲ್ಲ ಅಂದರೆ ಸುಳ್ಳು, ಬಂತು, ಒಂದು ಇಡೀ ಮಧ್ಯಾಹ್ನ ಆಕೆಯ ಜೊತೆಯೇ ಕೂತಿತ್ತು. ಸಂಜೆ ಹೆಡ್‌ಮಿಸ್ ಕೋಣೆಗೆ ಹೋಗಿ ಇದ್ದದ್ದನ್ನು ಇದ್ದ ಹಾಗೆ ಹೇಳಿದಳು. ಹೆಡ್‌ಮಿಸ್ ಕನ್ನಡಕ ತೆಗೆದು ಕಣ್ಣುಜ್ಜಿಕೊಂಡು, ಪರೀಕ್ಷೆ ಮುಗಿಯಲಿ, ಆಮೇಲೆ ಮಾತಾಡೋಣ ಅಂದರು. ಬಯ್ದಿದ್ದರೆ ಎಷ್ಟೋ ಹಗುರವಾಗುತ್ತಿತ್ತು.

ಮರುದಿನ ಎಂಟು ಗಂಟೆಗೆ ಆಕೆ ನಿಲ್ಲಲಿಲ್ಲ, ಕುರ್ಚಿ ಹಾಕಿಕೊಂಡು ಕೂತಳು. ಕುರ್ಚಿ ಎಳೆದ ಸದ್ದಿಗೆ ಮಕ್ಕಳೆಲ್ಲ ಕಿವಿ ನಿಮಿರಿಸಿದವು.

"ನಿಮ್ಮ ಕೈ ತಪ್ಪು ಓದಿಲ್ಲ. ನಾನೇ ತಪ್ಪಿದ್ದೆ," ಅಂದಳು. "ನನ್ನ ಬಲಸೊಂಟ ಹಾಳಾಗಿದೆ, ಎರಡು ವರ್ಷದಿಂದ. ನಾನು ನೇರ ಇಲ್ಲ."

ಮೊದಲು ಬಾಯಿಬಿಟ್ಟವಳು ಚೂಟಿಯೇ.

"ನೋವು ಅಂತ ಗೊತ್ತಿತ್ತು ಅಕ್ಕಾ, ಕೈಗೆ ಸಿಗ್ತಿತ್ತು," ಅಂದಳು. "ಆಸನ ಅಂದ್ರೆ ಎಲ್ರಿಗೂ ನೋವೇ ಅನ್ಕೊಂಡಿದ್ವಿ. ಅದನ್ನೂ ಸೇರಿಸಿ ಮಾಡ್ತಿದ್ವಿ."

ಆಕೆಗೆ ಅಳು ಬಂತು. ಕಣ್ಣು ಕಾಣದ ಮಕ್ಕಳ ಮುಂದೆ ಅಳೋದು ಸುಲಭ ಅಂತ ತಿಳಿದವರು ಒಮ್ಮೆ ಅತ್ತು ನೋಡಲಿ, ಮೂಗೆಳೆಯುವ ಮೊದಲೇ ಒಂಬತ್ತು ಮುಖ ಇತ್ತ ತಿರುಗಿದ್ದವು.

ಪರೀಕ್ಷೆಗೆ ಉಳಿದ ಏಳೂ ದಿನ ಬಾಗಿಲ ಚೌಕಟ್ಟೇ ಮೇಷ್ಟ್ರಾಯಿತು. ದರ್ಜಿ ದಪ್ಪ ನೂಲಿಗೆ ಹಳೇ ಕತ್ತರಿ ಕಟ್ಟಿ ಮೇಲಿಂದ ಇಳಿಬಿಟ್ಟು ಹೋದ. ಮಕ್ಕಳು ಆ ನೂಲನ್ನು ಕೆಳಗಿಂದ ಮೇಲಿನವರೆಗೆ ಸವರಿ, ಚೌಕಟ್ಟಿಗೆ ಹಿಮ್ಮಡಿ, ಬೆನ್ನು, ತಲೆ ತಾಗಿಸಿ ನಿಲ್ಲಬೇಕು. ಹೊಸದಾಗಿ ಸೇರಿದ ಇಬ್ಬರ ಭುಜ ಮುಟ್ಟಿ ತಮ್ಮದನ್ನು ಹೋಲಿಸಿಕೊಳ್ಳಬೇಕು. ಆ ಇಬ್ಬರಿಗಂತೂ ಕಾಲು ನೆಲದ ಮೇಲೆ ನಿಲ್ಲಲಿಲ್ಲ, ಒಂದೇ ತಿಂಗಳಿಗೆ ಗುರುಗಳಾಗಿಬಿಟ್ಟಿದ್ದರು. ಚೂಟಿ ಸಿಟ್ಟಿಗೆದ್ದಳು. ಈ ಹೊಸ ನೇರದಲ್ಲಿ ನಿಂತರೆ ಬಲಕ್ಕೆ ಬೀಳ್ತೀನಿ ಅನಿಸುತ್ತೆ, ಇದೇ ಡೊಂಕು ಅಂತ ಜಗಳವಾಡಿದಳು. ಯೋಗದಕ್ಕ ಕುರ್ಚಿಯಲ್ಲೇ ಕೂತು, ಬೀಳೋದಿಲ್ಲ ಕಣೆ, ನಿಂತ್ಕೋ, ಅಂತ ಅಷ್ಟೇ ಹೇಳುತ್ತಿದ್ದಳು. ಬಾಯಲ್ಲಿ ಹೇಳುವ ಮಾತು ಎಷ್ಟು ಬಡಕಲು ಅಂತ ಆಕೆಗೆ ದಿನವೂ ಗೊತ್ತಾಗುತ್ತಿತ್ತು.

ಪರೀಕ್ಷೆಯ ದಿನ ಹೆಡ್‌ಮಿಸ್ ಗೆರೆಯ ಪಕ್ಕ ನಿಂತರು, ಮೇಷ್ಟ್ರು ಗೇಟಿನಲ್ಲಿ, ದರ್ಜಿ ರಸ್ತೆಯಾಚೆ, ನೋಡಲಾರದೆ ಬೆನ್ನು ತಿರುಗಿಸಿಕೊಂಡು. ಯೋಗದಕ್ಕ ಜಗುಲಿಯ ಬೆಂಚಿನಲ್ಲಿ ಕೂತಿದ್ದಳು. ಉಳಿದ ಎಂಟು ಮಕ್ಕಳು ಹಿಂದೆ ಗೋಡೆಗೆ ಸಾಲಾಗಿ ನಿಂತಿದ್ದರು. ಯಾರೂ ಪಿಟ್ಟೆನ್ನುವ ಹಾಗಿರಲಿಲ್ಲ.

ಚೂಟಿ ಮೆಟ್ಟಿಲಿಳಿದಳು. ಹತ್ತು ಹೆಜ್ಜೆ ಚೆನ್ನಾಗಿಯೇ ಹೋದಳು. ಇಪ್ಪತ್ತಕ್ಕೆ ಎಡಭುಜ ತಾನಾಗಿ ಇಳಿಯತೊಡಗಿತು, ಕೋಲು ಎಡಕ್ಕೆ ಸರಿಯಿತು, ಕಾಲೂ ಅದರ ಹಿಂದೆಯೇ. ಗೆರೆಗೆ ಇನ್ನು ನಾಲ್ಕೇ ಬೆರಳು. ಯೋಗದಕ್ಕ ತುಟಿ ಕಚ್ಚಿಕೊಂಡಳು, ಎರಡು ವರ್ಷ ತನ್ನ ಮೈಯಿಂದ ಬರೆದದ್ದು ಏಳು ದಿನಕ್ಕೆ ಅಳಿಯುತ್ತಾ ಅಂತ.

ಅಲ್ಲಿ ಹುಡುಗಿ ನಿಂತಳು. ಕೋಲನ್ನು ಬಗಲಿಗೆ ಸಿಕ್ಕಿಸಿಕೊಂಡು, ಬಲಗೈಯಿಂದ ಎಡಭುಜ ಮುಟ್ಟಿ ನೋಡಿಕೊಂಡಳು, ಎಡಗೈಯಿಂದ ಬಲಭುಜ. ಇಲ್ಲದ ಚೌಕಟ್ಟಿಗೆ ಬೆನ್ನು ಕೊಟ್ಟವಳ ಹಾಗೆ ಮೈ ಎತ್ತಿದಳು. ಬಲಕ್ಕೆ ಬೀಳುತ್ತೀನೋ ಏನೋ ಅನ್ನುವ ಹೆದರಿಕೆ ಮುಖದ ಮೇಲೆ ಎದ್ದು ಕಾಣುತ್ತಿತ್ತು. ಆದರೂ ಕಾಲೆತ್ತಿ ಮುಂದಿಟ್ಟಳು. ಮೂವತ್ತು, ಮೂವತ್ತೈದು. ಕೋಲು ಗೇಟಿನ ಕಬ್ಬಿಣಕ್ಕೆ ಟಣ್ ಅಂದಿತು. ಮೇಷ್ಟ್ರು ದರ್ಜಿಯನ್ನು ಕೂಗಿ ಕರೆದರು.

ಹೆಡ್‌ಮಿಸ್ ಜಗುಲಿಗೆ ಬಂದು ಬೆಂಚಿನಲ್ಲಿ ಪಕ್ಕಕ್ಕೆ ಕೂತರು. ನಾಳೆಯೇ ಆಸ್ಪತ್ರೆಗೆ ಹೋಗಿ ಬಾ, ಕೀಲು ಬದಲಾಯಿಸಬೇಕು ಅಂದರೆ ಬದಲಾಯಿಸಿಕೋ, ವಾಪಸ್ ಬರೋದರ ಬಗ್ಗೆ ನಾನು ಈಗಲೇ ಏನೂ ಮಾತು ಕೊಡಲಾರೆ, ಅಂದರು. ಯೋಗದಕ್ಕ ಆಗಲಿ ಅಂದಳು. ನಿಜವಾಗಿ ಆಗಲಿ ಅಂತಲೇ ಅನಿಸಿತ್ತು. ಹೇಳಲು ಇನ್ನೇನೂ ಉಳಿದಿರಲಿಲ್ಲ, ಮುಚ್ಚಿಡಲೂ ಉಳಿದಿರಲಿಲ್ಲ.

ಬೆಂಚಿನ ಅಂಚು ಹಿಡಿದು ಎದ್ದಳು. ಸೊಂಟ ಕಳಕ್ಕೆಂದಿತು. ಇಷ್ಟು ದಿನ ಹಲ್ಲಲ್ಲಿ ಕಚ್ಚಿ ನುಂಗಿದ್ದನ್ನು ಇವತ್ತು ನುಂಗಲಿಲ್ಲ, ಬಾಯಿ ಬಿಟ್ಟು, ಜಗುಲಿಯೆಲ್ಲ ಕೇಳುವ ಹಾಗೆ, ಅಮ್ಮಾ ಅಂತ ನರಳಿದಳು. ನರಳಿ, ಅಭ್ಯಾಸಬಲದಿಂದ ಒಂದು ಗಳಿಗೆ ಕಾದಳು. ಹಿಂದೆ ಗೋಡೆಗೆ ನಿಂತ ಎಂಟು ಮಕ್ಕಳಲ್ಲಿ ಒಬ್ಬರೂ ಹ್ಮ್ಮ್ ಅನ್ನಲಿಲ್ಲ.