ನಲವತ್ತು ರತ್ತಲ ಬಿಗಿ

ಕೊಕ್ಕೆಗೆ ಏನನ್ನೂ ತೂಗುಹಾಕಿರಲಿಲ್ಲ. ಆದರೂ ಕಾಟಾದ, ಆ ಸ್ಪ್ರಿಂಗ್ ತಕ್ಕಡಿಯ, ಮುಳ್ಳು ಎಂಟು ರತ್ತಲು ತೋರಿಸುತ್ತಿತ್ತು. ಬಂಡೆಪ್ಪ ಧೋತರದ ಚುಂಗಿನಿಂದ ಹಿತ್ತಾಳೆ ಪಟ್ಟಿಯನ್ನು ಒರೆಸಿ ಮತ್ತೆ ನೋಡಿದ. ಎಂಟೇ. ಇಪ್ಪತ್ತು ರತ್ತಲಿನ ತೂಕದ ಕಲ್ಲು ತಂದು ತೂಗುಹಾಕಿದ. ಮುಳ್ಳು ಸರ್ರನೆ ಇಳಿದು ಮೂವತ್ತೆರಡಕ್ಕೆ ಹೋಗಿ ನಿಂತಿತು. ಅಂಗಳದಲ್ಲಿ ಹಾಗೇ ಕೂತುಬಿಟ್ಟ.

ಹೆಂಡತಿಯ ತಮ್ಮ ನಿಂಗಣ್ಣ ಸತ್ತು ಅವತ್ತಿಗೆ ನಾಲ್ಕನೆಯ ದಿನ. ಸೋಲಾಪುರದಿಂದ ಅಕ್ಕಲಕೋಟಕ್ಕೆ ಹೋಗುವ ಸರ್ವಿಸ್ ಮೋಟಾರು ನಡೆಸುವವನು ಅವನು. ಅದರ ರಿಪೇರಿ ಬಂಡೆಪ್ಪನದು. ವಳಸಂಗ ದಾಟಿದ ಮೇಲೆ ಮುಂದಿನ ಗಾಲಿ ಕಳಚಿ ಮೋಟಾರು ಹಳ್ಳಕ್ಕೆ ಉರುಳಿತು. ಉಳಿದವರಿಗೆ ಮೈಕೈ ತರಚಿದ್ದಷ್ಟೇ. ನಿಂಗಣ್ಣ ಮಾತ್ರ ಮೇಲೇಳಲಿಲ್ಲ. ಇಪ್ಪತ್ತೆರಡು ವರ್ಷ. ಅದೇನು ಸಾಯುವ ವಯಸ್ಸೇ?

ಉಳಿದ ಮಿಸ್ತ್ರಿಗಳು ಗಾಲಿಯ ನಟ್ಟುಗಳನ್ನು ಮೈಭಾರ ಹಾಕಿ ತಿರುವಿ ಕೈಬಿಡುತ್ತಿದ್ದರು. ಬಂಡೆಪ್ಪನಿಗೆ ಅದು ಸೇರುತ್ತಿರಲಿಲ್ಲ. "ಕೈ ಸುಳ್ಳು ಹೇಳತೈತಿ. ಮುಂಜಾನಿ ಕೈ ಬ್ಯಾರೆ, ಸಂಜಿ ಕೈ ಬ್ಯಾರೆ," ಎನ್ನುತ್ತಿದ್ದ. ನಟ್ಟು ತಿರುಗಿಸುವ ಎರಡಡಿ ಪಾನಾದ ತುದಿಗೆ ತೂತು ಕೊರೆದಿದ್ದ. ಅದಕ್ಕೆ ಸ್ಪ್ರಿಂಗ್ ಕಾಟಾದ ಕೊಕ್ಕೆ ಸಿಕ್ಕಿಸಿ ಜಗ್ಗುವನು. ಮುಳ್ಳು ನಲವತ್ತು ರತ್ತಲಿಗೆ ಬಂತೋ, ನಿಲ್ಲಿಸುವನು. ಹೆಚ್ಚಾದರೆ ಬೋಲ್ಟು ಮುರಿದೀತು, ಕಡಿಮೆಯಾದರೆ ನಟ್ಟು ಸಡಿಲಾದೀತು.

ಆ ಕಾಟಾ ಕೊಂಡದ್ದೂ ಒಂದು ಕಥೆಯೇ. ಮೂವತ್ತಮೂರನೆಯ ಇಸವಿಯಲ್ಲಿ ಮಂಗಳವಾರ ಪೇಠೆಯ ಅಂಗಡಿಯಲ್ಲಿ ಐದು ಕಾಟಾ ಇಳಿಸಿ, ಒಂದೇ ಕಲ್ಲನ್ನು ಒಂದೊಂದರಲ್ಲೂ ಹತ್ತು ಸಲ ತೂಗಿದ್ದ. "ಏನಪಾ ಮಿಸ್ತ್ರಿ, ಕಾಟಾ ನೋಡಾಕ ಬಂದೀಯೋ, ಹೆಣ್ಣು ನೋಡಾಕ ಬಂದೀಯೋ?" ಎಂದು ಅಂಗಡಿಯವನು ನಕ್ಕಿದ್ದ. ಹತ್ತು ಸಲವೂ ಒಂದೇ ಮಾತು ಹೇಳಿದ ಕಾಟಾವನ್ನೇ ಬಂಡೆಪ್ಪ ಮನೆಗೆ ತಂದ. ಅರವತ್ತರ ಮೇಲೆ ಜಗ್ಗಬಾರದು, ಕೆಲಸ ಮುಗಿದ ಮೇಲೆ ಕೊಕ್ಕೆಗೆ ಏನೂ ಬಿಡಬಾರದು, ಎಣ್ಣೆ ಬಟ್ಟೆಯಲ್ಲಿ ಸುತ್ತಿಡಬೇಕು. ಅದಕ್ಕೆ ನೂರೆಂಟು ಮಡಿ. ದಿನಾ ಮುಂಜಾನೆ ಪೂಜೆ ತಪ್ಪಿದರೂ ಕಲ್ಲು ಹಾಕಿ ನೋಡುವುದು ತಪ್ಪುತ್ತಿರಲಿಲ್ಲ.

ತಪ್ಪಿದ್ದು ಆ ಒಂದು ದಿನ. ಪಂಕ್ಚರ್ ಹಚ್ಚಿ ಗಾಲಿ ಏರಿಸುತ್ತಿದ್ದಾಗ ನಿಂಗಣ್ಣ ಪೋಂ ಪೋಂ ಎಂದು ಹಾರ್ನು ಒತ್ತಿ ತಲೆ ತಿಂದಿದ್ದ. "ಮಾವಾ, ಲಗೂ ಮಾಡ್ರಿ. ಮಂದಿ ಬೈಯಾಕತ್ತಾರ." ಬಂಡೆಪ್ಪ ಕಲ್ಲಿನ ಗೋಜಿಗೆ ಹೋಗದೆ ಕಾಟಾ ಸಿಕ್ಕಿಸಿ, ಎಲ್ಲ ನಟ್ಟುಗಳನ್ನೂ ನಲವತ್ತಕ್ಕೆ ಜಗ್ಗಿ, "ನಡಿ" ಎಂದಿದ್ದ. ಮುಳ್ಳು ನಲವತ್ತು ಎಂದಾಗ ನಿಜದ ಬಿಗಿ ಮೂವತ್ತೂ ಇರಲಿಲ್ಲ ಎಂಬುದು ಈಗ ತಿಳಿಯಿತು. ಆದರೆ ಇಷ್ಟು ಜೋಪಾನ ಮಾಡಿದ ಕಾಟಾ ಕೆಟ್ಟದ್ದಾದರೂ ಹೇಗೆ?

ದ್ರೌಪದಿ ಕೂಸನ್ನು ಎತ್ತಿಕೊಂಡು ಹೊರಗೆ ಬಂದಳು. ನಾಲ್ಕು ದಿನದಿಂದ ಅನ್ನ ಮುಟ್ಟಿರಲಿಲ್ಲ. ತಾಯಿ ಸತ್ತಾಗ ನಿಂಗಣ್ಣ ಮೂರು ವರ್ಷದವನು. ಹೀಗೇ ಟೊಂಕದ ಮೇಲೆ ಹೊತ್ತು ಬೆಳೆಸಿದವಳು ಅವಳೇ. ಗಂಡನ ಕೈಯಲ್ಲಿದ್ದ ಕಾಟಾ ನೋಡಿ ಅವಳ ಮುಖದಲ್ಲಿ ನಗು ಬಂದು ಹಾಗೇ ಅಳುವಾಯಿತು.

"ಇದನ್ನ ನೋಡಿದ್ರ ನಿಂಗ್ಯಾನೇ ಕಣ್ಣಮುಂದ ಬರತಾನ್ರಿ. ಹ್ವಾದ ಸೋಮವಾರ ನೀವು ಗಿರಣಿಗಿ ಹೋಗಿದ್ರಿ. ನನ್ನ ಹರಕಿ ಇತ್ತಲ್ಲ, ಮಗಾ ಹುಟ್ಟಿದ್ರ ತಾಯಿ ಮಗಾ ಕೂಡಿ ಎಷ್ಟ ತೂಗತೀವಿ ಅಷ್ಟ ಬೆಲ್ಲಾ ಅಕ್ಕಲಕೋಟದಾಗ ಹಂಚತೀನಿ ಅಂತ? ದೊಡ್ಡ ತಕ್ಕಡಿ ಯಾಕಕ್ಕಾ, ಮಾವನ ಕಾಟಾ ಐತೆಲ್ಲ ಅಂದ. ಬೇವಿನ ಗಿಡಕ್ಕ ಹಗ್ಗಾ ಕಟ್ಟಿ, ಅದಕ್ಕ ಕಾಟಾ ಹಾಕಿ, ಸೀರಿ ಜೋಳಿಗಿ ಮಾಡಿ ನಮ್ಮಿಬ್ಬರನೂ ಕುಂದ್ರಿಸಿದ. ಮುಳ್ಳು ಟಣ್ಣಂತ ತಳಾ ಮುಟ್ಟತು! 'ಅಕ್ಕಾ, ನಿನ್ನ ಭಾರ ಮಾವನ ಕಾಟಾ ತಡಿಯಂಗಿಲ್ಲ' ಅಂತ ಹೊಟ್ಟಿ ಹಿಡಕೊಂಡು ನಕ್ಕಾನ. ನಿಮಗ ಹೇಳಬ್ಯಾಡ, ಬೈತಾರ ಅಂದಿದ್ದ. ಕಡೀಗಿ ಅಂದಾಜಿಲೆ ಬೆಲ್ಲಾ ತಂದು, ಮರುದಿನಾ ಮೋಟಾರದಾಗ ಹಾಕ್ಕೊಂಡು ಹ್ವಾದ..."

ಹತ್ತು ವರ್ಷ ಕಾದು ಹಡೆದ ಕೂಸು ಅವಳ ತೋಳಿನಲ್ಲಿ ಕಾಟಾದ ಕೊಕ್ಕೆಗೆ ಕೈ ಚಾಚುತ್ತಿತ್ತು. ಬಂಡೆಪ್ಪ ಕಾಟಾವನ್ನು ಬೆನ್ನ ಹಿಂದೆ ಸರಿಸಿದ.

ಅದೇ ಹೊತ್ತಿಗೆ ಚಪಳಗಾಂವದಿಂದ ದ್ರೌಪದಿಯ ಕಾಕಾ ಮಲಕಾಜಪ್ಪ ಬಂದ. ಚಕ್ಕಡಿಯನ್ನು ಬಾಗಿಲಲ್ಲಿ ನಿಲ್ಲಿಸಿ, ಚಪ್ಪಲಿಯನ್ನೂ ಕಳಚದೆ ನಿಂತೇ ಕೇಳಿದ.

"ಮಂದಿ ಒಂದ ಮಾತ ಆಡಾಕತ್ತಾರ, ಬಂಡೆಪ್ಪ. ನಟ್ಟ ಬಿಗಿ ಇದ್ದಿದ್ದಿಲ್ಲಂತ. ಖರೇ ಏನ?"

ದ್ರೌಪದಿಗೆ ಎಲ್ಲಿಲ್ಲದ ಸಿಟ್ಟು ಬಂತು. "ಹಂಗ ಅನಬ್ಯಾಡ್ರಿ ಕಾಕಾ! ಕಾಟಾ ಹಚ್ಚಲಾರದ ಇವರು ಒಂದ ನಟ್ಟ ಬಿಟ್ಟವರಲ್ಲ. ಹೇಳ್ರಿ ನೀವು. ಕಾಟಾ ಹಚ್ಚಿದ್ರಿಲ್ಲ?"

ಹೌದು ಎಂದರೆ ಮುಗಿಯಿತು. ಹಾಗಾದರೆ ಕಾಟಾ ಯಾಕೆ ಸುಳ್ಳು ಹೇಳಿತು ಎಂದು ಇವತ್ತಲ್ಲ ನಾಳೆ ಕೇಳುತ್ತಾಳೆ. ಆ ಜೋಳಿಗೆ, ಆ ನಗು, ತಳ ಮುಟ್ಟಿದ ಮುಳ್ಳು, ಎಲ್ಲ ಅವಳಿಗೇ ಹೊಳೆಯುತ್ತದೆ. ಕೂಸನ್ನು ಮಡಿಲಲ್ಲಿಟ್ಟುಕೊಂಡು ತಾನೇ ತಮ್ಮನನ್ನು ಕೊಂದೆ ಎಂದು ಬದುಕಿರುವತನಕ ಕೊರಗುತ್ತಾಳೆ. ಅಯ್ಯೋ, ಅದೊಂದು ಬೇಡ. ಕಲ್ಲು ಹಾಕಿ ನೋಡದೆ ಬಿಟ್ಟವನು ತಾನಲ್ಲವೇ?

"ಇಲ್ಲ," ಎಂದ ಬಂಡೆಪ್ಪ. "ಕಾಟಾ ಹಚ್ಚಲಿಲ್ಲ. ಗಡಿಬಿಡಿಯಾಗ ಕೈಲೇ ಬಿಗಿ ಮಾಡಿದೆ."

ದ್ರೌಪದಿ ಅವನನ್ನೇ ನೋಡಿದಳು. "ಕೈ ಸುಳ್ಳು ಹೇಳತೈತಿ ಅಂತ ನೀವ ಅಂತಿದ್ರೆಲ್ಲ," ಎಂದಳು. ಒಳಗೆ ಹೋಗಿ ಕೂಸಿನ ಕುಲಾವಿ, ಎರಡು ಸೀರೆ ಗಂಟು ಕಟ್ಟಿಕೊಂಡು ಬಂದು ಚಕ್ಕಡಿ ಹತ್ತಿದಳು. ತಿರುವಿನವರೆಗೂ ಕೂಸು ಮಾತ್ರ ಅವಳ ಹೆಗಲ ಮೇಲಿಂದ ಅಪ್ಪನನ್ನು ನೋಡುತ್ತಿತ್ತು.

ಮನೆಯಲ್ಲಿ ಇರಲಾಗದೆ ಬಂಡೆಪ್ಪ ಹಿತ್ತಲಿಗೆ ಹೋದ. ಬೇವಿನ ಕೊಂಬೆಗೆ ನಿಂಗಣ್ಣ ಕಟ್ಟಿದ ಹಗ್ಗ ಇನ್ನೂ ಜೋತಾಡುತ್ತಿತ್ತು. ಯಾರ ಕಣ್ಣಿಗೂ ಬೀಳದಿರಲೆಂದು ಕಲ್ಲಿನ ಮೇಲೆ ಹತ್ತಿ ಗಂಟಿಗೆ ಕೈ ಹಾಕಿದ. ಉಗುರು ಊರಿ ಎಳೆದ, ಹಲ್ಲಿನಿಂದ ಕಚ್ಚಿದ, ಪಾನಾ ತಂದು ಮೀಟಿದ. ಅಕ್ಕ, ಅಕ್ಕನ ಕೂಸು ಇಬ್ಬರ ಭಾರವನ್ನೂ ತಡೆಯಬೇಕೆಂದು ನಿಂಗಣ್ಣ ಬರಿಗೈಯಲ್ಲಿ ಜಗ್ಗಿ ಹಾಕಿದ್ದ ಗಂಟು. ಸಂಜೆಯಾದರೂ ಅದು ಎಳೆಯಷ್ಟೂ ಸಡಿಲಾಗಲಿಲ್ಲ.